ಕತ್ತಿನ ಕಾಲರ್, ಕಾರಿನ ಕೀ

2015ರ ಜನವರಿ, ಶನಿವಾರ, ಸಂಜೆ ನಾಲ್ಕು ಗಂಟೆ. ದುಬೈನ ಅಲ್ ಬರ್ಷಾದ ಕ್ಲಿನಿಕ್ಕಿನಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ಮೈಸೂರಿನ ಕಡೆಯ ಫಿಸಿಯೋಥೆರಪಿಸ್ಟ್.

ಕತ್ತು ನೋವು ನಮ್ಮಿಬ್ಬರಿಗೂ ಹಳೆಯದು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನನ್ನದು ಗೋದಾಮಿನ ಕಂಪ್ಯೂಟರ್ ಮುಂದೆ ಕೂತು ಬಂದದ್ದು, ಅವಳದು ಹೊಲಿಗೆ ಯಂತ್ರದ ಮೇಲೆ ಬಾಗಿ. ಈ ಸಲ ಇಬ್ಬರಿಗೂ ಒಟ್ಟಿಗೇ ಹಿಡಿದುಕೊಂಡಿತು. ನೈಫ್ ಪೇಟೆಯ ಅಂಗಡಿಯಿಂದ ಒಂದೇ ಬಗೆಯ ಎರಡು ಕಾಲರ್ ತಂದೆ.

"ಎಂತ ಮಾರಾಯ್ರೇ ಇದು, ನಾಯಿಗೆ ಕಟ್ಟಿದ ಹಾಗೆ!" ಎಂದು ಅವಳು ಎರಡೇ ದಿನಕ್ಕೆ ಕಪಾಟಿನೊಳಗೆ ಬಿಸಾಡಿದಳು. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವನು. ಸ್ನಾನವಾದೊಡನೆ ಕಟ್ಟಿದರೆ ಮಲಗುವಾಗಲೇ ಬಿಚ್ಚುವುದು. ಎರಡು ತಿಂಗಳು ತಪ್ಪಿಸಲಿಲ್ಲ.

ಅವಳು ಗುಣವಾದಳು. ನಾನು ಆಗಲಿಲ್ಲ.

ಹಿಂದೆ ತಿರುಗಿ ನೋಡಲಾಗದವನು ಕಾರು ಓಡಿಸುವ ಹಾಗಿಲ್ಲ. ಕೀ ಅವಳ ಬ್ಯಾಗು ಸೇರಿತು. ಲೈಸೆನ್ಸ್ ಮಾಡಿಸಿಕೋ ಎಂದು ಅವಳನ್ನು ಒತ್ತಾಯಿಸಿದವನೇ ನಾನು. ಈಗ ಲೇನ್ ಬದಲಿಸುವಾಗ ಅವಳು ಸಲೀಸಾಗಿ ಭುಜದ ಮೇಲಿಂದ ತಿರುಗಿ ನೋಡುವುದನ್ನು ಪಕ್ಕದ ಸೀಟಿನಿಂದ ಕಂಡರೆ, ನೋವಿಗಿಂತ ಹೊಟ್ಟೆಯುರಿಯೇ ಹೆಚ್ಚಾಗುತ್ತಿತ್ತು.

"ಇವತ್ತು ಮನೆಗೆ ನಾನು ಓಡಿಸಬಹುದಾ?" ಕ್ಲಿನಿಕ್ಕಿನಲ್ಲಿ ಕೂತೊಡನೆ ಕೇಳಿದೆ.

ಫಿಸಿಯೋಥೆರಪಿಸ್ಟ್ ಮೊದಲು ನನ್ನ ಕೈ ನೋಡಿದರು. ಕೈ ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿದರು, ತಮ್ಮ ಬೆರಳುಗಳನ್ನು ಗಟ್ಟಿಯಾಗಿ ಹಿಡಿಯಲು ಹೇಳಿದರು. ಎಲ್ಲ ಸರಿಯಿತ್ತು. ಎಕ್ಸ್‌ರೇ ನೋಡಿ, "ಮೂಳೆ ಸವೆತ ಈ ವಯಸ್ಸಲ್ಲಿ ತುಂಬ ಜನಕ್ಕೆ ಇರುತ್ತೆ ಸಾರ್, ಅದಕ್ಕೆ ಹೆದರ್ಬೇಡಿ. ಕಾಲರ್ ಎಷ್ಟು ದಿನ ಹಾಕಿದ್ರಿ?" ಎಂದರು.

"ಎರಡು ತಿಂಗಳು. ಒಂದು ದಿನ ಬಿಟ್ಟಿಲ್ಲ."

"ಅಯ್ಯೋ! ಕತ್ತಿಗೆ ಕೆಲಸಾನೇ ಮರೆತುಹೋಗಿದೆ. ಆಂಟಿ, ನೀವೇನ್ ಮಾಡಿದ್ರಿ?"

"ನಾನೆಂತ ಮಾಡುದು? ಬಟ್ಟೆ ಒಣಗಿಸಿದೆ. ಅಕ್ಕನ ಹತ್ರ ಫೋನಲ್ಲಿ ಮಾತಾಡ್ತಾ ಆಚೆ ಈಚೆ ತಿರುಗ್ತಾ ಇದ್ದೆ."

"ಅದೇ ಮದ್ದು!"

ಅಕ್ಕನ ಜೊತೆಗಿನ ಹರಟೆಗೆ ಶಭಾಸ್‌ಗಿರಿ; ನನ್ನ ಶಿಸ್ತಿಗೆ ಅಯ್ಯೋ. ನಾನು ಗೋಡೆ ನೋಡಿದೆ.

ನಿಧಾನವಾಗಿ ಎರಡೂ ಬದಿಗೆ ತಿರುಗುವುದು, ಭುಜ ಹಿಂದಕ್ಕೆ ಎಳೆದು ಬಿಡುವುದು, ಕುರ್ಚಿಯಿಂದ ಆಗಾಗ ಏಳುವುದು, ಎಲ್ಲ ಮಾಡಿಸಿ ತೋರಿಸಿದರು. "ಎರಡೂ ಭುಜದ ಮೇಲಿಂದ ಆರಾಮಾಗಿ ನೋಡೋಕಾಗ್ಲಿ ಸಾರ್, ಆಮೇಲೆ ಕಾರು. ಇವತ್ತು ಬೇಡ."

"ಖಲಾಸ್!" ಹೆಂಡತಿ ಕೀ ಕುಣಿಸಿದಳು. "ಬನ್ನಿ ಸಾಹೇಬ್ರೇ, ಡ್ರೈವರ್ ರೆಡಿ."

ಅಲ್ ಮುರಕ್ಕಬಾತ್‌ನಲ್ಲಿ ನಮ್ಮ ಕಟ್ಟಡದ ಪಾರ್ಕಿಂಗ್. ಕಾರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ, "ನಿಮ್ಮ ಬದಿ ಕಂಬ ತಾಗ್ತದಾ ನೋಡಿ ಮಾರಾಯ್ರೇ" ಎಂದಳು. ದಿನಾ ನಿಲ್ಲಿಸುವ ಜಾಗ, ಅವಳಿಗೆ ಗೊತ್ತಿಲ್ಲದ ಕಂಬವೇನಲ್ಲ. ಕ್ಲಿನಿಕ್ಕಿನಲ್ಲಿ ಬಿಚ್ಚಿದ ಕಾಲರ್ ನನ್ನ ಮಡಿಲಲ್ಲಿತ್ತು. ತಿರುಗಿದೆ. ಕತ್ತು ಬಿಗಿಯಿತು, ಆದರೂ ಕಂಬದ ಅಂಚು ಕಂಡಿತು.

"ಬಾ, ಬಾ... ಸಾಕು."

ಮನೆಗೆ ಬಂದು ಕಾಲರ್ ಒರೆಸಿ, ಕಪಾಟು ತೆರೆದೆ. ಅವಳ ಕಾಲರ್ ಕಂಬಳಿಯ ಹಿಂದೆ ಮುದುಡಿ ಬಿದ್ದಿತ್ತು. ಅದನ್ನು ನೇರಮಾಡಿ ಇಟ್ಟೆ. ನನ್ನದನ್ನು ಅದರ ಮೇಲೆ ಇಟ್ಟು ಬಾಗಿಲು ಹಾಕಿದೆ.