ಬೀಗದಣ್ಣನ ಸ್ಟೂಲು

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಬೀಗದಣ್ಣ ಎಂದು. ಮೊದಲು ಕಡತದ ಬೀರುಗಳ ಬೀಗದಕೈ ಗೊಂಚಲು ಅವನ ಸೊಂಟದಲ್ಲಿತ್ತು. ಕಡತಗಳೆಲ್ಲ ಡೇಟಾಬೇಸ್ ಸೇರಿದ ಮೇಲೆ, ಯಾರು ಏನು ನೋಡಬಹುದು, ಯಾರು ತಿದ್ದಬಹುದು ಎಂಬ ಅನುಮತಿ ಅವನ ಕೈಗೆ ಬಂತು. ಹದಿನೆಂಟು ವರ್ಷ, ಅವನು ಹೂಂ ಅನ್ನದೆ ದೊಡ್ಡ ಡಾಕ್ಟರಿಗೂ ಒಂದು ರಕ್ತಪರೀಕ್ಷೆಯ ಸಾಲು ಕಾಣುತ್ತಿರಲಿಲ್ಲ. ಕೇಳಲು ಬಂದವರು ಅವನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಯಬೇಕು. ಬೇಕೆಂದೇ ಎರಡು ನಿಮಿಷ ಹೆಚ್ಚು ಕಾಯಿಸುತ್ತಿದ್ದ, ಪುಣ್ಯಾತ್ಮ.

ಎರಡು ವರ್ಷದ ಹಿಂದೆ ಹೊಸ ಹುಡುಗಿ ಬಂದಳು. ಕೆಲಸ ಕಲಿಸಿದವನು ಅವನೇ. “ಯಾರದ್ದಾದ್ರೂ ಅನುಮತಿ ತೆಗೆಯೋ ಮುಂಚೆ ಪಟ್ಟಿ ನೋಡಮ್ಮ. ಅವರು ಇನ್ಯಾರಿಗೋ ಕೊಟ್ಟಿರ್ತಾರೆ, ಅದೂ ಜೊತೇಲೇ ಹೋಗುತ್ತೆ” ಎಂದು ಹೇಳಿಕೊಟ್ಟಿದ್ದ. ಅವಳು ಕಲಿತಳು. ಅವನಿಗಿಂತ ಚೆನ್ನಾಗಿ ಕಲಿತಳು, ಅದೇ ತಪ್ಪಾಯಿತು. ಒಂದು ದಿನ ವಾರ್ಡಿನ ಸಿಸ್ಟರ್ “ಸ್ವಲ್ಪ ತಗೋತೀನಿ ಅಣ್ಣ” ಎಂದು ಸ್ಟೂಲನ್ನು ಎತ್ತಿಕೊಂಡು ಹೋಗಿ ಹುಡುಗಿಯ ಮೇಜಿನ ಪಕ್ಕ ಹಾಕಿ ಕೂತಳು. ಅದು ಮತ್ತೆ ವಾಪಸು ಬರಲಿಲ್ಲ.

ಅಂದಿನಿಂದ ಅವಳು ನಕ್ಕರೂ ಅವನಿಗೆ ಮೈ ಉರಿ. ಮೊಣಕಾಲಿನ ಆಪರೇಶನ್ನಿಗೆಂದು ಅವನು ರಜೆಯಲ್ಲಿದ್ದಾಗ ದಾಖಲೆಗಳೆಲ್ಲ ಹೊಸ ಯಂತ್ರಕ್ಕೆ ಹೋದವು, ಅದನ್ನೂ ಅವಳೇ ಮಾಡಿದಳು. ಮರಳಿ ಬಂದಾಗ ತನ್ನ ಅನುಮತಿ ಮೊದಲಿನಂತೆಯೇ ಇದ್ದುದನ್ನು ಕಂಡು, ವಿಭಾಗದ ಸಾಹೇಬರು ನನ್ನನ್ನು ಮರೆಯುತ್ತಾರೆಯೇ ಎಂದು ಮೀಸೆ ತಿರುವಿದ್ದ. ಮನೆಯಲ್ಲಿ ಹೆಂಡತಿ ರೇಗಿಸುತ್ತಿದ್ದಳು: “ಊಟಕ್ಕೆ ಕೂತ್ರೂ ಅವಳದೇ ಜಪ. ಒಂದ್ಸಲ ಕರ್ಕೊಂಡು ಬನ್ನಿ, ನಾನೂ ನೋಡ್ತೀನಿ.” ಅವನು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಾಹೇಬರು ಬಂದರು. “ಆ ಹುಡುಗೀನ ಲ್ಯಾಬಿಗೆ ಹಾಕಿದೀನಿ. ರೋಗಿಗಳ ದಾಖಲೆ ಮೇಲಿರೋ ಅವಳ ಅನುಮತಿ ತೆಗೆದುಬಿಡಿ” ಎಂದು ಅವನ ಕಂಪ್ಯೂಟರಿನಲ್ಲಿ ತಮ್ಮ ಖಾತೆಯನ್ನು ತಾವೇ ಪಾಸ್‌ವರ್ಡ್ ಒತ್ತಿ ತೆರೆದು ಕೊಟ್ಟು ಹೋದರು.

ಬೀಗದಣ್ಣನಿಗೆ ಸ್ವರ್ಗ ಮೂರೇ ಗೇಣು. ಆಜ್ಞೆ ಒತ್ತಿದ. ಯಂತ್ರ ಒಪ್ಪಲಿಲ್ಲ: ಇವಳ ಅನುಮತಿಯನ್ನು ಆಧರಿಸಿ ಬೇರೆ ಅನುಮತಿ ಇದೆ ಎಂದಿತು. ಓಹೋ, ತನ್ನವರಿಗೆಲ್ಲ ಹಂಚಿದ್ದಾಳೆ ಮಹಾರಾಣಿ ಎಂದುಕೊಂಡ. ಪಟ್ಟಿ ನೋಡುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಕೆಳಗಿನವರದ್ದೆಲ್ಲ ಬುಡಸಮೇತ ಹೋಗಲಿ ಎಂಬ ಇನ್ನೊಂದು ಆಜ್ಞೆ ಒತ್ತಿ, ನಿಯಮದಂತೆ ಸಾಹೇಬರ ಖಾತೆಯಿಂದ ಹೊರಬಂದು, ತನ್ನ ಹೆಸರಿನಲ್ಲಿ ಒಳಗೆ ಹೋದ. ಯಾವ ರೋಗಿಯ ದಾಖಲೆಯೂ ತೆರೆಯಲಿಲ್ಲ. ನಿಮಗೆ ಅನುಮತಿ ಇಲ್ಲ ಎಂಬ ಒಂದೇ ಸಾಲು. ನಾಲ್ಕು ಸಲ ಪ್ರಯತ್ನಿಸಿದ.

ಹುಡುಗಿ ತನ್ನ ಮೇಜು ಖಾಲಿ ಮಾಡುತ್ತಿದ್ದಳು. ಅವನು ಕುಂಟುತ್ತ ಹೋಗಿ ಆ ಸ್ಟೂಲಿನ ಮೇಲೆ ಕೂತ.

“ನನಗೆ ದಾಖಲೆ ತೆರೀತಿಲ್ಲ ಕಣಮ್ಮ. ಸ್ವಲ್ಪ ನೋಡ್ತೀಯಾ?”

“ನನ್ ಹತ್ರ ಈಗ ಏನಿದೆ ಅಣ್ಣ, ನೀವೇ ತೆಗೆದ್ರಲ್ಲ” ಎಂದವಳು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. “ಪಟ್ಟಿ ನೋಡ್ಲಿಲ್ವಾ?”

ಅವನು ಮೊಣಕಾಲು ನೀವಿಕೊಂಡ.

“ಹೊಸ ಯಂತ್ರಕ್ಕೆ ಹೋಗುವಾಗ ಸಾಹೇಬ್ರು ಕೊಟ್ಟ ಹೆಸರುಗಳಲ್ಲಿ ನಿಮ್ದು ಇರ್ಲಿಲ್ಲ. ಹೇಗೂ ಮುಂದಿನ ವರ್ಷ ರಿಟೈರ್ ಆಗ್ತಾರೆ ಅಂದ್ರು. ಅವರನ್ನ ಒಪ್ಪಿಸಿ, ನನ್ನ ಹೆಸರಿನ ಮೇಲೆ ನಿಮಗೆ ಕೊಟ್ಟಿದ್ದೆ. ನಾನು ಕೊಟ್ಟಿದ್ದು ನಿಮ್ಮೊಬ್ಬರಿಗೇ. ಬೇಜಾರು ಮಾಡ್ಕೋತೀರಿ ಅಂತ ಹೇಳ್ಲಿಲ್ಲ.”

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕೂ ಮುಂಚೆ ಹೊಟ್ಟೆ ಉರಿಯಿತು. ಒಳ್ಳೆಯತನದಲ್ಲೂ ಇವಳೇ ಮುಂದೆ.

“ನಡೀರಿ, ಸಾಹೇಬ್ರನ್ನ ಕೇಳೋಣ” ಎಂದಳು.

“ನೀನೇ ಕೇಳಮ್ಮ. ನಾನು ಕೇಳಿದ್ರೆ ಅವರು ಯಾಕೆ ಕೊಡ್ತಾರೆ.”

ಅವಳು ಹೋದಳು. ಬೀಗದಣ್ಣ ಸ್ಟೂಲಿನ ಮೇಲೆಯೇ ಕೂತು ಕಾದ.