ಹಂಪಮ್ಮನ ಬಾವಿಗೆ ಗೋಡೆ ಕಟ್ಟಿದ್ದು

೧೯೮೪ರ ಬೇಸಿಗೆಯಲ್ಲಿ ನಾನು ದೇವದುರ್ಗ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಎ.ಎನ್.ಎಂ. ಅಂದರೆ ಹೆರಿಗೆ ಮಾಡಿಸುವ, ಸೂಜಿ ಹಾಕುವ, ಮನೆಮನೆಗೆ ಹೋಗಿ ಜಡ್ಡು ವಿಚಾರಿಸುವ ನರ್ಸಮ್ಮ. ಮಾನ್ವಿ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿವರೆಗೆ ಓದಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ರಾಯಚೂರಿನಲ್ಲಿ ತರಬೇತಿ ಪಡೆದು ಈ ಕೆಲಸಕ್ಕೆ ಸೇರಿದೆ. ಜನರ ಮುಂದೆ ನಿಂತು ಮಾತಾಡುವುದು ಆಗಲೂ ನನಗೆ ಬರುತ್ತಿರಲಿಲ್ಲ. ಮೊಮ್ಮಕ್ಕಳೇ, ನೀವು ನೌಕರಿಯ ಕಥೆ ಹೇಳು ಎಂದು ಕೂತಾಗ ನಾನು ಒಲೆಯ ನೆಪ ಹೇಳಿ ಎದ್ದು ಹೋಗುವುದೂ ಅದಕ್ಕೇ. ಬರೆಯುವುದು ನನಗೆ ಸುಲಭ. ಕಾಗದ ನನ್ನ ಮುಖ ನೋಡುವುದಿಲ್ಲ.

ಊರಿನ ಹೆಸರು ಬೇಡ. ಕೃಷ್ಣಾ ಹೊಳೆ ದೂರವಿರಲಿಲ್ಲ, ಆದರೆ ಊರು ದಿಬ್ಬದ ಮೇಲಿತ್ತು. ಹೊಳೆಯಿಂದ ನೀರು ಹೊತ್ತು ತಂದು ಸಂಸಾರ ಮಾಡುವುದು ಆಗದ ಮಾತು. ಬೋರಿನ ನೀರು ಸವುಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಸಿಹಿನೀರು ಸಿಗುತ್ತಿದ್ದುದು ಊರಾಚೆಯ ಮೆಟ್ಟಿಲು ಬಾವಿಯಲ್ಲಿ ಮಾತ್ರ. ಹಿಂದಿನವರು ಬಾವಿಗಿಂತ ಮೇಲೆ, ಹಳ್ಳಕ್ಕೆ ಅಡ್ಡವಾಗಿ ಕಲ್ಲಿನ ಒಡ್ಡು ಹಾಕಿದ್ದರು. ಮಳೆನೀರು ಅಲ್ಲಿ ನಿಂತು, ನೆಲಕ್ಕಿಳಿದು, ಬಾವಿಯೊಳಗೆ ಸೆಲೆಯಾಗಿ ಬರುತ್ತಿತ್ತು. ಪ್ರತಿ ಬೇಸಿಗೆ ಮನೆಗೊಬ್ಬರು ಬಂದು ಒಡ್ಡಿನದೂ ಬಾವಿಯದೂ ಹೂಳು ತೆಗೆಯುತ್ತಿದ್ದರು.

ಇದನ್ನೆಲ್ಲ ಮುಂದೆ ನಿಂತು ಮಾಡಿಸುತ್ತಿದ್ದವಳು ಹಂಪಮ್ಮ. ಕೂಲಿ ಮಾಡುವ ಹೆಂಗಸು, ಅರವತ್ತರ ಆಸುಪಾಸು. ಯಾರೂ ಅವಳಿಗೆ ಈ ಕೆಲಸ ವಹಿಸಿರಲಿಲ್ಲ. ನಸುಕಿನಲ್ಲಿ ಬಾವಿಯ ಮೆಟ್ಟಿಲು ಗುಡಿಸಿ, ಅಲ್ಲೇ ಕೂತು ನೀರಿಗೆ ಬಂದವರ ಮೇಲೆಲ್ಲ ಕಣ್ಣಿಡುತ್ತಿದ್ದಳು. ಒಡ್ಡಿನ ಕಲ್ಲು ಕಿತ್ತು ಮನೆಗೆ ಒಯ್ದವನನ್ನು ಅವನ ಮಾವನ ಮನೆಯವರೆಗೂ ಬೆನ್ನುಹತ್ತಿ ಕಲ್ಲು ವಾಪಸು ತರಿಸಿದವಳು. ಅವಳ ಕಟ್ಟಳೆಗಳಲ್ಲಿ ದೊಡ್ಡದು ಕಾಲಿನದು. ಕೊಡ ಮುಳುಗಿಸುವ ಮೊದಲು ನೀರಿನ ಅಂಚಿನ ಮೆಟ್ಟಿಲ ಮೇಲೆ ನಿಂತು ಕಾಲು ತೊಳೆಯಲೇಬೇಕು. ತೊಳೆಯದವರಿಗೆ, “ಹೊಲಸು ಕಾಲಿಲೆ ಗಂಗವ್ವನ ಹತ್ರ ಹೊಕ್ಕಿಯೇನ ಬೇ? ನಿಮ್ಮ ಅತ್ತಿ ಮನ್ಯಾಗೂ ಹಿಂಗs ನುಗ್ಗತಿಯೇನು?” ಎಂದು ಎಲ್ಲರ ಮುಂದೆ ಬೈಗುಳ.

ಆ ಊರಿನಲ್ಲಿ ನಾರು ಹುಣ್ಣು ಬಹಳ. ಈಗ ಅದು ನಮ್ಮ ದೇಶದಲ್ಲೇ ಇಲ್ಲ, ಹಾಗಾಗಿ ನಿಮಗೆ ಹೇಳಬೇಕು. ಕಾಲಿನಲ್ಲಿ ಬೊಕ್ಕೆ ಏಳುತ್ತದೆ, ಉರಿಯುತ್ತದೆ, ಒಡೆದ ಮೇಲೆ ಬಿಳಿ ದಾರದಂಥ ಹುಳು ಹೊರಗೆ ತಲೆ ಹಾಕುತ್ತದೆ. ಒಮ್ಮೆಲೇ ಎಳೆದರೆ ತುಂಡಾಗಿ ಕಾಲು ಬಾತು ಕೀವಾಗುತ್ತದೆ. ಸಣ್ಣ ಕಡ್ಡಿಗೆ ಸುತ್ತಿಕೊಂಡು ದಿನಾ ಒಂದಿಷ್ಟೇ ತೆಗೆಯಬೇಕು. ಅಷ್ಟು ದಿನ ಮನುಷ್ಯ ಹೊಲಕ್ಕೆ ಹೋಗುವಂತಿಲ್ಲ. ಹುಣ್ಣಿನ ಕಾಲು ನೀರಿಗೆ ತಾಕಿದರೆ ಹುಳು ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ನೀರಿಗೆ ಬಿಡುತ್ತದೆ. ನೀರಿನಲ್ಲಿರುವ ಸಣ್ಣ ಹುಳಗಳು ಅವನ್ನು ನುಂಗುತ್ತವೆ; ಆ ನೀರನ್ನು ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ನಾರು ಏಳುತ್ತದೆ.

ನಾನು ಮನೆಮನೆ ತಿರುಗಿ ರೋಗಿಗಳ ವಿವರ ಕೊಟ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಬಂದು ನೋಡಿದರು. ಒಳ್ಳೆಯ ಮನುಷ್ಯ, ವಯಸ್ಸು ಸಣ್ಣದು. ಬಾವಿಯ ಕಟ್ಟೆಯ ಹತ್ತಿರ ಜನರನ್ನು ಸೇರಿಸಿ, “ಜನ ಈ ನೀರಿಗೆ ಇಳಿಯೋ ತನಕ ನಾರು ಹೋಗಲ್ಲ. ಬಾವಿ ಮುಚ್ಚಿಸಬೇಕು ಅಂತ ನಾನು ಬರೀತೀನಿ. ಬೋರಿನ ನೀರು ಕುಡೀರಿ” ಎಂದರು.

ಯಾರೂ ಕೂಗಾಡಲಿಲ್ಲ. ಮರುದಿನದಿಂದ ನನ್ನನ್ನು ಮಾತಾಡಿಸುವುದನ್ನು ಬಿಟ್ಟರು, ಅಷ್ಟೆ. ಆ ವಾರ ಹೆರಿಗೆಗೂ ಕರೆಯಲಿಲ್ಲ. ನಾನು ಅಂಗಳಕ್ಕೆ ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹಂಪಮ್ಮ ಮಾತ್ರ ದಾರಿಯಲ್ಲಿ ಅಡ್ಡ ನಿಂತಳು.

“ಏನವ್ವಾ ನರ್ಸಮ್ಮ, ಬಾವಿಗೆ ಹೆಣದ ಹಂಗ ಮಣ್ಣು ಕೊಡಾಕ ಬಂದಿಯೇನು?”

ನಾನು ತಲೆ ತಗ್ಗಿಸಿದೆ. ಅವಳು ಕುಂಟುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಬಲಗಾಲಿನ ಹರಡಿನ ಮೇಲೆ, ಪಾದದ ಕೀಲಿನ ಹತ್ತಿರ, ಬೊಕ್ಕೆ ಒಡೆದಿತ್ತು.

“ಯವ್ವಾ, ಕಾಲು ತೋರ್ಸು” ಅಂದೆ. ಬೈದುಕೊಳ್ಳುತ್ತಲೇ ನನ್ನ ಹಿಂದೆ ಉಪಕೇಂದ್ರಕ್ಕೆ ಬಂದು ಕೂತಳು.

ಅವಳಿಗೆ ಏನು ಹೇಳಲಿ? ನೀನು ಊರಿಗೆಲ್ಲ ಕಾಲು ತೊಳೆಸಿದ್ದರಿಂದಲೇ ಊರಿಗೆಲ್ಲ ನಾರು ಎಂದು ಹೇಳುವ ಬಾಯಿ ನನಗಿರಲಿಲ್ಲ. ಮಡಿ ಎಂದುಕೊಂಡು ಮಾಡಿದ್ದು ಅದು. ಆಸ್ಪತ್ರೆಯ ಸ್ಟೀಲ್ ಬೋಗುಣಿಯಲ್ಲಿ ಬಾವಿಯ ತಿಳಿನೀರು ತುಂಬಿ ಅವಳ ಮುಂದೆ ಇಟ್ಟೆ. “ಉರಿ ಅದ ಅಲ್ಲ, ಕಾಲು ಇದರಾಗ ಇಡು” ಅಂದೆ. ಇಟ್ಟಳು. ತಂಪಿಗೆ ಉಸಿರು ಬಿಟ್ಟಳು. ಸ್ವಲ್ಪ ಹೊತ್ತಿಗೆ ಹುಣ್ಣಿನ ಬಾಯಿಂದ ಹಾಲಿನಂಥದ್ದು ಎಳೆಯಾಗಿ ಇಳಿದು ನೀರಿನಲ್ಲಿ ಹರಡಿತು.

“ಏನಿದು?”

“ಹುಳದ ಮರಿ.”

ಅವಳು ಬಗ್ಗಿ ಬೋಗುಣಿಯೊಳಗೆ ನೋಡಿದಳು. ಆಮೇಲೆ, “ಬಾವ್ಯಾಗೂ ಹಿಂಗs ಬಿಡತದೇನು?” ಎಂದು ಕೇಳಿದಳು. ಆ ನೀರನ್ನು ಅವಳೇ ಎತ್ತಿಕೊಂಡು ಹೋಗಿ, ಬಾವಿಯಿಂದ ದೂರ, ಬಿಸಿಲಿಗೆ ಕಾದ ಬಂಡೆಯ ಮೇಲೆ ಚೆಲ್ಲಿ ಬಂದಳು.

ಮರುದಿನ ಬೆಳಿಗ್ಗೆ ಅವಳು ಮೆಟ್ಟಿಲಿಗೆ ಅಡ್ಡ ಕೂತು ಯಾರನ್ನೂ ಇಳಿಯಗೊಡಲಿಲ್ಲ. ಹೆಂಗಸರು ನಕ್ಕರು. “ನಿನ್ನಿತನ ಕಾಲು ತೊಳಿ ಅಂತಿದ್ದಿ, ಇವತ್ತು ಇಳೀಬ್ಯಾಡ ಅಂತಿ. ನೀರು ತಾನs ಮ್ಯಾಲ ಬರ್ತದೇನು?”

“ಹಗ್ಗ ಕಟ್ಟಿ ಎಳೀರಿ. ಕೈ ಸವಿಯೂದಿಲ್ಲ.”

ನಾನು ಡಾಕ್ಟರ ಬಳಿಗೆ ಹೋದೆ. ಮೆಟ್ಟಿಲಿಗೆ ಅಡ್ಡಗೋಡೆ ಕಟ್ಟಿ, ಮೇಲೆ ಹಗ್ಗದ ಗಡಗಡಿ ಹಾಕಿ, ಇಳಿಯದೆ ನೀರು ಸೇದುವಂತೆ ಮಾಡಿದರೆ ಮುಚ್ಚುವುದು ಬಿಡಬಹುದೇ ಎಂದು ಕೇಳಿದೆ. ಇಷ್ಟು ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಯೋಚಿಸಿ, “ಮಾಡಬಹುದು. ಮಳೆಗೆ ಮೊದಲು ಮುಗೀಬೇಕು. ಆದರೂ ಮುಂದಿನ ವರ್ಷ ನಾರು ಬಂದೇ ಬರುತ್ತೆ, ಈಗ ಕುಡಿದದ್ದು ಹೊಟ್ಟೇಲಿದೆ. ಅದರ ಮುಂದಿನ ವರ್ಷ ಒಂದು ಕೇಸೂ ಇರಬಾರದು. ಇದ್ದರೆ ಬಾವಿ ಮುಚ್ಚಿಸ್ತೀನಿ” ಎಂದರು.

ಹೂಳು ತೆಗೆಯುವ ದಿನಗಳೇ ಬಂದಿದ್ದವು, ನೀರು ತಳ ಕಂಡಿತ್ತು. ಗೋಡೆ ಕಟ್ಟಿದರೆ ಬಾವಿ ಉಳಿಯುತ್ತದೆಂದು ಹಂಪಮ್ಮ ಮನೆಮನೆಗೆ ಹೇಳಿ ಬಂದ ಮೇಲೆ ಜನ ಸೇರಿದರು. ಡಾಕ್ಟರು ಹುಣ್ಣಿದ್ದವರನ್ನು ಬಾವಿಗೆ ಇಳಿಸಬೇಡಿ ಎಂದರು, ಅವರಲ್ಲಿ ಆದವರು ಒಣಗಿದ ಒಡ್ಡಿನ ಕಡೆ ಕೂತಲ್ಲೇ ಕಲ್ಲು ಜೋಡಿಸಿದರು. ಉಳಿದವರು ಬಾವಿಯ ಹೂಳು ತೆಗೆದು, ಮೆಟ್ಟಿಲಿಗೆ ಅಡ್ಡಲಾಗಿ ಕಲ್ಲುಗೋಡೆ ಎಬ್ಬಿಸಿದರು. ಗೋಡೆ ಎದೆಮಟ್ಟ ಬಂದಾಗ ಒಬ್ಬ ಮುದುಕ, “ಗಂಗವ್ವನ್ನ ಜೈಲಿಗೆ ಹಾಕಿದ್ರಲ್ಲ, ಇನ್ನ ಕಾಲು ತೊಳಿಯೂದು ಎಲ್ಲಿ?” ಎಂದು ಕೆಲಸ ನಿಲ್ಲಿಸಿಬಿಟ್ಟ. ಅವನ ಹಿಂದೆ ಇನ್ನೂ ನಾಲ್ಕು ಜನ ಸಲಿಕೆ ಕೆಳಗಿಟ್ಟರು.

ಹಂಪಮ್ಮ ಎದ್ದು ಮನೆಗೆ ಹೋದಳು. ತನ್ನ ಮನೆಯ ಮುಂದಿದ್ದ ದನ ನೀರು ಕುಡಿಯುವ ಕಲ್ಲಿನ ದೋಣಿಯನ್ನು ಬಂಡಿಯಲ್ಲಿ ಹಾಕಿಸಿಕೊಂಡು ಬಂದು, ಬಾವಿಯಿಂದ ಆಚೆ, ಇಳಿಜಾರಿನ ಕಡೆ ಇಳಿಸಿದಳು. “ಕಾಲು ಇಲ್ಲಿ ತೊಳೀರಿ. ಗಂಗವ್ವನ ಬಾಗಲದಾಗ ತೊಳಕೊಂಡು ಒಳಗ ಹೋಗೂದು ಚಲೋನೋ, ಆಕಿ ಮೈಮ್ಯಾಲ ತೊಳಿಯೂದು ಚಲೋನೋ?” ಮುದುಕ ದೋಣಿ ನೋಡಿದ, ತನ್ನ ಕಾಲು ನೋಡಿಕೊಂಡ, ಸಲಿಕೆ ಎತ್ತಿಕೊಂಡ. ಮಳೆಗೆ ಮೊದಲೇ ಗೋಡೆ ಮುಗಿದು ಗಡಗಡಿ ಕೂತಿತು.

ಮುಂದಿನ ಬೇಸಿಗೆ ಡಾಕ್ಟರು ಹೇಳಿದಂತೆ ಕೆಲವು ಮನೆಗಳಲ್ಲಿ ನಾರು ಬಂತು. ಊರು ಮತ್ತೆ ಕುದಿಯಿತು. ಒಬ್ಬ ಹುಡುಗಾಟಕ್ಕೆ, “ಗ್ವಾಡಿ ಕಟ್ಟಿದ್ರೂ ಬಂತಲ್ಲಬೇ ಹಂಪವ್ವ, ಇನ್ನ ಆಕಾಶಕ್ಕ ಕಟ್ಟಸ್ತಿಯೇನು?” ಎಂದ.

“ನೀ ಒಂಬತ್ತು ತಿಂಗಳು ನಿಮ್ಮವ್ವನ ಹೊಟ್ಯಾಗ ಇದ್ದಿಲ್ಲೇನಲೇ? ಇದೂ ಹಂಗs. ಹ್ವಾದ ಬ್ಯಾಸಗಿ ಕುಡದದ್ದು ಈ ಬ್ಯಾಸಗಿ ಹೊರಗ ಬರಾಕತ್ತದ.”

ಆ ವರ್ಷವಿಡೀ ಅವಳು ಗಡಗಡಿಯ ಹತ್ತಿರ ಕೂತು, ಪ್ರತಿ ಕೊಡದ ಬಾಯಿಗೂ ಎರಡು ಪದರದ ಧೋತರ ಕಟ್ಟಿಸಿ ನೀರು ಸೋಸಿಸಿದಳು. ನಾನು ಮನೆಮನೆಗೆ ಹೋಗಿ ಕಾಲು ನೋಡುತ್ತಿದ್ದೆ. ಬಾಗಿಲುಗಳು ಒಂದೊಂದಾಗಿ ತೆರೆದವು; ಹೆರಿಗೆಗೂ ಕರೆಯತೊಡಗಿದರು.

೧೯೮೬ರ ಬೇಸಿಗೆ ಪೂರ್ತಿ ಕಳೆಯಿತು. ಯಾರ ಕಾಲಿನಲ್ಲೂ ಬೊಕ್ಕೆ ಇಲ್ಲ. ಮಳೆ ಬಿದ್ದ ಮೇಲೆ ಡಾಕ್ಟರು ಬಂದು ತಾವೇ ಮನೆಗಳನ್ನು ತಿರುಗಿ ನೋಡಿದರು. ಕಟ್ಟೆಗೆ ಬಂದು, ಬಾವಿ ಮುಚ್ಚುವ ಮಾತು ಇನ್ನಿಲ್ಲ ಎಂದರು. ಹಂಪಮ್ಮ ಒಂದು ಕೊಡ ಸೇದಿದಳು. ಡಾಕ್ಟರು ಕೈ ಒಡ್ಡಿದರೆ ಅವಳು ಕೊಡ ಹಿಂದಕ್ಕೆ ಹಿಡಿದಳು.

“ಮೊದ್ಲ ದೋಣ್ಯಾಗ ಕಾಲು ತೊಳಕೊಂಡು ಬರ್ರಿ, ಸಾಹೇಬ್ರ.”

ಅವರು ಬೂಟು ಬಿಚ್ಚಿದರು.

ಕೆಟ್ಟ ರೂಢಿಯನ್ನು ಬಿಡಿಸಬೇಕೆಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಹಾಗೆಂದು ಕಾಲು ತೊಳೆಯುವುದನ್ನೇ ಬಿಡಿಸಲು ಹೊರಟಿದ್ದರೆ, ಆ ಊರಲ್ಲಿ ನಾರೂ ಉಳಿಯುತ್ತಿತ್ತು, ಬಾವಿಯೂ ಹೋಗುತ್ತಿತ್ತು. ಜನ ಯಾವುದಕ್ಕೆ ಮರ್ಯಾದೆ ಕೊಟ್ಟು ಒಂದು ಕೆಲಸ ಮಾಡುತ್ತಾರೋ ಅದನ್ನು ಮೊದಲು ತಿಳಿದುಕೊಳ್ಳಬೇಕು. ಆ ಮರ್ಯಾದೆಗೆ ಧಕ್ಕೆಯಾಗದಂತೆ ಕೆಲಸದ ಜಾಗವನ್ನಷ್ಟೇ ಬದಲಿಸಬೇಕು. ನಿವೃತ್ತಿಯವರೆಗೂ ಯಾವ ಮನೆಯ ಹೊಸ್ತಿಲು ದಾಟುವಾಗಲೂ ನಾನು ಇದನ್ನೇ ನೆನಪಿಟ್ಟುಕೊಂಡೆ. ಮಾತು ಕಡಿಮೆ ಇದ್ದವಳಿಗೆ ಇದು ಕಷ್ಟವಾಗಲಿಲ್ಲ. ಇದಕ್ಕೆ ಬೇಕಾದದ್ದು ನೋಡುವ ತಾಳ್ಮೆಯೇ ಹೆಚ್ಚು.