ಕಂಬಳಿಯ ಮೇಲೆ ಆಡಿದ ಮಾತು, ಮೆಷಿನ್ನಿನ ಅಗ್ರಿಮೆಂಟು

ನನ್ನ ಮೊಮ್ಮಗಳು ಲಾಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುನಡುವೆ ಹೇಳಬೇಕಾಗುತ್ತದೆ. ನಡುವೆಯೂ ಹೇಳುತ್ತೇನೆ. ಮಗಳ ಮಗಳು. ಮಧುಗಿರಿಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಎಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ಓದಿದ್ದು ಎರಡನೇ ಕ್ಲಾಸು. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಕುರಿಗಳು ಮರಿ ಹಾಕಿದ್ದವು, ಆಮೇಲೆ ಆ ಕಡೆ ಹೋಗಲಿಲ್ಲ.

ಶಿರಾಕ್ಕೆ ಹತ್ತಿರದ ನಮ್ಮೂರಿನಲ್ಲಿ ಕಂಬಳಿ ನೇಯುವ ಶೆಡ್ಡು ಇತ್ತು. ಶಿರಾ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಸಾಬರು ಮತ್ತು ನಾನು ಪಾಲುದಾರರು. ನೇಯಿಸುವುದು ನನ್ನದು, ಮಾರುವುದು ಅವರದು, ಜಗಳ ಇಬ್ಬರದೂ. ಉಣ್ಣೆ ಬರುತ್ತಿದ್ದದ್ದು ಐ.ಡಿ.ಹಳ್ಳಿ ಕಡೆಯಿಂದ, ಪಾವಗಡದ ಕಡೆಯಿಂದ. ಒಳ್ಳೆಯ ಗಟ್ಟಿ ಉಣ್ಣೆ. ಆದರೆ ಕುರಿ ಯಾವ ಯಾವ ಬೇಲಿಗೆ ನುಗ್ಗಿತ್ತೋ ಅಷ್ಟೂ ಬೇಲಿ ಅದರೊಳಗೇ ಇರುತ್ತಿತ್ತು. ಹಿಂಜುವ ಹೆಂಗಸರು ಬೆರಳಿನಲ್ಲಿ ಮುಳ್ಳು ಆರಿಸಿ, ಬಿಲ್ಲಿನಿಂದ ಬಡಿದು ಹದ ಮಾಡಿಕೊಟ್ಟ ಮೇಲೆಯೇ ನೂಲುವುದು. ಆ ಹೆಂಗಸರಿಗೆ ವಯಸ್ಸಾಗಿತ್ತು. ಅವರ ಸೊಸೆಯರಿಗೆ ಆ ಧೂಳು ಬೇಡವಾಗಿತ್ತು. ಅರ್ಧ ಮಗ್ಗಗಳು ನೂಲಿಲ್ಲದೆ ಸುಮ್ಮನೆ ಕೂತಿದ್ದವು.

ಆಗ ಬೆಂಗಳೂರಿನ ಒಂದು ಕಂಪನಿಯ ಏಜೆಂಟರು ಬಂದರು. ಉಣ್ಣೆ ಹಿಂಜುವ ಕರೆಂಟ್ ಮೆಷಿನ್ನು, ಬಾಡಿಗೆಗೆ ಕೊಡುತ್ತಾರಂತೆ. ಚಿತ್ರ ತೋರಿಸಿದರು. ಚಿತ್ರದಲ್ಲಿ ಮೆಷಿನ್ನಿನ ಪಕ್ಕ ನಿಂತ ಹೆಂಗಸು ನಗುತ್ತಿದ್ದಳು, ಅವಳ ಸೀರೆಯ ಮೇಲೆ ಒಂದು ಎಳೆ ಉಣ್ಣೆ ಇರಲಿಲ್ಲ. ಮೆಷಿನ್ನಿಗೆ ಜಾಮೀನಾಗಿ ನಾವು ಶೆಡ್ಡನ್ನೂ ಅದರ ಜಾಗವನ್ನೂ ಬರೆದುಕೊಡಬೇಕಿತ್ತು. ಆ ಶೆಡ್ಡೇ ನಮ್ಮ ಎರಡೂ ಮನೆಯ ಅನ್ನ.

ನಮ್ಮಲ್ಲಿ ದೊಡ್ಡ ಮಾತು ಏನೇ ಆಗಲಿ, ಕರಿಕಂಬಳಿ ಹಾಸಿ, ಚಪ್ಪಲಿ ಹೊರಗೆ ಬಿಟ್ಟು, ಅದರ ಮೇಲೆ ಕೂತು ಆಡುತ್ತೇವೆ. ಹೆಣ್ಣು ಕೊಡುವುದಿರಲಿ, ಪಾಲು ಮಾಡುವುದಿರಲಿ, ಕಂಬಳಿಯ ಮೇಲೆ ಆಡಿದ್ದನ್ನು ಯಾರೂ ತಿರುಗಿಸುವುದಿಲ್ಲ. ಸಾಬರೂ ನನ್ನ ಜೊತೆ ಪಾಲಿಗೆ ಬಂದದ್ದು ಹಾಗೆಯೇ. ಏಜೆಂಟರನ್ನೂ ಕೂರಿಸಿದೆವು. ಪ್ಯಾಂಟು ಎಳೆದುಕೊಂಡು ಕಷ್ಟಪಟ್ಟು ಕೂತರು. ಮೂರು ಮಾತು ಕೇಳಿದೆವು. ಮುಳ್ಳು ಸಿಕ್ಕಿ ನಿಂತರೆ ನಾವೇ ಮುಚ್ಚಳ ತೆಗೆದು ಶುಚಿ ಮಾಡಬಹುದಾ? "ಧಾರಾಳವಾಗಿ" ಅಂದರು. ಕೆಟ್ಟರೆ ಮೆಕ್ಯಾನಿಕ್ಕು ಬೇಗ ಬರುತ್ತಾನಾ? "ಓಡಿ ಬರ್ತಾನೆ" ಅಂದರು. ಒಂದು ಸುಗ್ಗಿ ನೋಡಿ, ನಮ್ಮ ಉಣ್ಣೆಗೆ ಒಗ್ಗದಿದ್ದರೆ ವಾಪಸ್ ತಗೋತೀರಾ? "ನಿಮ್ಮ ಸಂತೋಷವೇ ನಮಗೆ ಮುಖ್ಯ" ಅಂದರು. ಎಲೆ ಅಡಿಕೆ ಕೊಟ್ಟೆವು. ನಮ್ಮ ಮಟ್ಟಿಗೆ ವ್ಯವಹಾರ ಅಲ್ಲಿಗೇ ಮುಗಿದಿತ್ತು. ಉಳಿದದ್ದು ಇಂಗ್ಲಿಷ್ ಕಾಗದಕ್ಕೆ ಸಹಿ, ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡೆವು.

ಸಹಿಯ ದಿನ ಮೊಮ್ಮಗಳನ್ನು ಕರೆಸಿದ್ದೆ. ಅಗ್ರಿಮೆಂಟು ಓದಲಿ ಎಂದಲ್ಲ. ಅವಳು ಕರಿಕೋಟು ಹಾಕಿಕೊಂಡು ನಮ್ಮ ಜಗಲಿಯ ಮೇಲೆ ಕೂರುವುದನ್ನು ಊರು ನೋಡಲಿ ಎಂದು. ಬಸ್ ಸ್ಟಾಪಿನಿಂದ ಮನೆಗೆ ಸೀದಾ ದಾರಿ ಇದ್ದರೂ ಎರಡು ಬೀದಿ ಸುತ್ತಿಸಿ ಕರೆತಂದೆ. ನನ್ನ ಹೆಂಡತಿ ಮಜ್ಜಿಗೆ ಕೊಡುತ್ತಾ, "ಆ ಕೋಟು ಬಿಚ್ಚವ್ವಾ, ಈ ಬಿಸ್ಲಾಗೆ ಬೆಂದೋಯ್ತೀಯ" ಅಂದಳು.

"ಬುಡು, ಬುಡು. ಇನ್ನೊಂದ್ ಗಳಿಗೆ ಇರ್ಲಿ" ಅಂದೆ ನಾನು.

ಏಜೆಂಟರು ಪೆನ್ನು ತೆಗೆದು ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟರು. ಮೊಮ್ಮಗಳು ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಮೊದಲ ಹಾಳೆಯಿಂದ ಓದತೊಡಗಿದಳು. ನಿಧಾನವಾಗಿ ಓದಿದಳು. ಜಗಲಿಯ ಕೆಳಗೆ ನಿಂತ ಜನಕ್ಕೆ ಬೇಜಾರಾಗಿ ಕೆಲವರು ಹೋದರು. ನನಗೆ ಬೇಜಾರಾಗಲಿಲ್ಲ, ಅವಳು ಹಾಳೆ ತಿರುಗಿಸುವುದನ್ನೇ ನೋಡುತ್ತಿದ್ದೆ.

"ತಾತ, ಮುಚ್ಚಳ ತೆಗೆಯೋ ಹಂಗಿಲ್ಲ ಇದ್ರಲ್ಲಿ. ಕಂಪನಿಯವ್ರು ಬಿಟ್ಟು ಇನ್ಯಾರಾದ್ರೂ ತೆಗೆದ್ರೆ ಮೆಷಿನ್ನೂ ಅವರ್ದು, ಜಾಮೀನೂ ಅವರ್ದು" ಅಂದಳು.

"ಯೇ, ಅವ್ರೇ ಧಾರಾಳವಾಗಿ ತೆಗೀರಿ ಅಂದವ್ರೆ ಕಣವ್ವಾ."

"ಎಲ್ಲಿ ಅಂದ್ರು?"

"ಕಂಬಳಿ ಮ್ಯಾಗೆ!"

ಅವಳು ಕೊನೆಯ ಹಾಳೆ ತಿರುಗಿಸಿ ಒಂದು ಕಡೆ ಬೆರಳಿಟ್ಟಳು. "ಇಲ್ಲಿ ಕೇಳು. ಈ ಪತ್ರದಲ್ಲಿ ಇರೋದೇ ಪೂರ್ತಿ ಕರಾರು. ಇದಕ್ಕೂ ಮುಂಚೆ ಯಾರು ಯಾರಿಗೆ ಬಾಯಲ್ಲಿ ಏನು ಹೇಳಿದ್ರೂ ಅದು ಲೆಕ್ಕಕ್ಕಿಲ್ಲ. ಹಂಗಂತ ಬರ್ದಿದ್ದಾರೆ."

ನಾನು ಏಜೆಂಟರ ಕಡೆ ನೋಡಿದೆ. ಅವರು ಛಾವಣಿ ನೋಡಿದರು. ಕಂಬಳಿಯ ಮೇಲೆ ಆಡಿದ ಮಾತನ್ನು ಅಳಿಸುವುದಕ್ಕೆ ಒಂದು ಸಾಲನ್ನೇ ಮೊದಲೇ ಟೈಪ್ ಮಾಡಿಸಿ ಇಟ್ಟುಕೊಂಡಿರುತ್ತಾರೆ ಎಂದು ನಮ್ಮ ಕುಲದಲ್ಲಿ ಯಾರಿಗೂ ಹೊಳೆದಿರಲಾರದು.

ಸಾಬರು ಕೇಳಿದರು: "ಏನ್ರೀ ಸಾಹೇಬ್ರೇ, ಜುಬಾನ್ ಕೊಟ್ರಲ್ಲ ನೀವು? ಕಂಬಳಿ ಮ್ಯಾಲೆ ಕುಂತು?"

"ಕೂತ್ಕೊಳ್ಳಿ ಅಂದ್ರಿ, ಕೂತ್ಕೊಂಡೆ. ನಾನು ಹೋದ ಕಡೆ ಎಲ್ಲಾ ಏನಾದ್ರೂ ಚಾಪೆ ಹಾಸ್ತಾರೆ" ಅಂದರು ಏಜೆಂಟರು. ಪಾಪ, ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಅದು ಚಾಪೆ, ನಮಗೆ ಅದು ಕೋರ್ಟು. "ಈ ಸಾಲು ಎಲ್ಲಾ ಅಗ್ರಿಮೆಂಟಲ್ಲೂ ಇರುತ್ತೆ ಮೇಡಂ, ಬರೀ ಫಾರ್ಮಾಲಿಟಿ."

ಮೇಡಂ. ನನ್ನ ಮೊಮ್ಮಗಳಿಗೆ. ಇದನ್ನು ಅಂದಿನಿಂದ ಬಹಳ ಜನಕ್ಕೆ ಹೇಳಿದ್ದೇನೆ.

"ಫಾರ್ಮಾಲಿಟಿ ಆದ್ರೆ ತೆಗೆದುಹಾಕಿ" ಅಂದಳು ಅವಳು.

"ಅದು ಆಗಲ್ಲ."

"ಹಂಗಾದ್ರೆ ಫಾರ್ಮಾಲಿಟಿ ಅಲ್ಲ. ಆ ಸಾಲು ಇರ್ಲಿ ಬಿಡಿ. ನೀವು ಕಂಬಳಿ ಮೇಲೆ ಹೇಳಿದ ಮೂರು ಮಾತನ್ನ ಒಂದು ಹಾಳೇಲಿ ಬರೆದು ಇದಕ್ಕೇ ಸೇರಿಸಿ. ಪತ್ರದಲ್ಲಿ ಇರೋದೇ ಕರಾರು ಅಂತೀರಲ್ಲ, ಆಗ ಅದೂ ಪತ್ರದಲ್ಲೇ ಇರುತ್ತೆ."

ಏಜೆಂಟರು ಮಜ್ಜಿಗೆ ಕುಡಿದು ಮುಗಿಸಿ, ಹೆಡ್ ಆಫೀಸಿಗೆ ಕೇಳಬೇಕು ಎಂದು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಸಹಿ ಆಗಲಿಲ್ಲ.

ಆಮೇಲೆ ಬಹಳ ದಿನ ಸುದ್ದಿಯೇ ಇಲ್ಲ. ಸಾಬರು ದಿನಾ ಸೈಕಲ್ಲಿನಲ್ಲಿ ಬಂದು ಖಾಲಿ ಮಗ್ಗಗಳನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ನಿಮ್ಮ ಮೊಮ್ಮಗಳು ಓದಿದ್ದು ಜಾಸ್ತಿ ಆಯ್ತು ಯಜಮಾನ್ರೇ. ಮೆಷಿನ್ನು ಕೊರಟಗೆರೆ ಕಡೆ ಯಾರಿಗೋ ಹೋಗಿರ್ತದೆ ಈಗ."

"ಹೋಗ್ಲಿ ಬುಡಿ ಸಾಬ್ರೇ. ಶೆಡ್ಡಂತೂ ಇಲ್ಲೇ ಐತಲ್ಲ."

"ನೂಲಿಲ್ದಿರೋ ಶೆಡ್ಡಲ್ಲಿ ಏನ್ ಮಾಡ್ತೀರಾ?"

"ನೀವು ದಿನಾ ಬತ್ತೀರಲ್ಲ, ನೆರಳಾಗೆ ಕುಂತ್ಕಳಿ."

ಹಾಗಂದರೂ ನನಗೂ ಒಳಗೆ ಅಳುಕಿತ್ತು. ಒಬ್ಬನೇ ಶೆಡ್ಡಿಗೆ ಹೋಗಿ ಮಗ್ಗದ ಮುಂದೆ ನಿಂತರೆ ಸಾಬರು ಹೇಳಿದ್ದೇ ಸರಿ ಅನ್ನಿಸುತ್ತಿತ್ತು. ಆದರೆ ಆ "ಪೂರ್ತಿ ಕರಾರು" ಎಂಬ ಮಾತನ್ನು ನೆನೆದರೆ ಮೈ ಉರಿಯುತ್ತಿತ್ತು, ಅದನ್ನು ಕಂಡುಹಿಡಿದ ಬೆರಳನ್ನು ನೆನೆದರೆ ತಣ್ಣಗಾಗುತ್ತಿತ್ತು. ದಿನಕ್ಕೆ ಹಲವು ಸಲ ಹೀಗೆ ಆಗುತ್ತಿತ್ತು. ಹೆಂಡತಿ ಚಳಿಜ್ವರ ಇರಬಹುದು ಎಂದು ಕಷಾಯ ಕೊಟ್ಟಳು.

ಒಂದು ಮಧ್ಯಾಹ್ನ ಏಜೆಂಟರು ಮತ್ತೆ ಬಂದರು. ಮೊಮ್ಮಗಳಿಗೆ ಹೇಳಿಕಳಿಸಿ, ಅವಳು ಬರುವ ತನಕ ಅವರನ್ನು ಕೂರಿಸಿಕೊಳ್ಳೋಣ ಎಂದು ಕಂಬಳಿ ಹಾಸಿದೆ. ಅವರು ಕಂಬಳಿಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ ಯಜಮಾನ್ರೇ, ನಾನು ನಿಂತೇ ಇರ್ತೀನಿ."

"ಕುಂತ್ಕಳಿ ಸ್ವಾಮಿ, ಕಾಲು ನೋಯ್ತದೆ."

"ಕೂತ್ರೆ ಮಾತಾಡಬೇಕಾಗುತ್ತೆ" ಅಂದರು.

ಸಾಬರು ನಕ್ಕು ನಕ್ಕು ಕೆಮ್ಮಿದರು. ಸಂಜೆ ಬಸ್ಸಿಗೆ ಮೊಮ್ಮಗಳು ಬರುವವರೆಗೂ ಆ ಮನುಷ್ಯ ಕಂಬಕ್ಕೆ ಒರಗಿ ನಿಂತೇ ಇದ್ದರು. ಅಗ್ರಿಮೆಂಟಿನ ಕೊನೆಗೆ ಹೊಸದೊಂದು ಹಾಳೆ ಸೇರಿಸಿ ತಂದಿದ್ದರು. ಅವಳು ಅದನ್ನೂ ನಿಧಾನವಾಗಿಯೇ ಓದಿದಳು. ಶುಚಿ ಮಾಡಲು ಮುಚ್ಚಳ ತೆಗೆಯಬಹುದು, ಬರೆದಿದ್ದರು. ಒಗ್ಗದಿದ್ದರೆ ಸುಗ್ಗಿಯ ಕೊನೆಗೆ ಮೆಷಿನ್ನು ವಾಪಸ್, ಜಾಮೀನು ರದ್ದು, ಅದೂ ಇತ್ತು. ಮೆಕ್ಯಾನಿಕ್ಕು ಮಾತ್ರ ಓಡಿ ಬರುವುದಿಲ್ಲ, "ಸಾಧ್ಯವಾದಷ್ಟು ಬೇಗ" ಬರುತ್ತಾನಂತೆ.

"ಸಾಧ್ಯವಾದಷ್ಟು ಬೇಗ ಅಂದ್ರೆ ಯಾವಾಗ?" ಎಂದು ನಾನು ಕೇಳಿದೆ.

"ಸಾಧ್ಯ ಆದಾಗ ತಾತ. ಇದೊಂದು ಹೋಗ್ಲಿ, ಶೆಡ್ಡಿಗೆ ತೊಂದ್ರೆ ಇಲ್ಲ. ಈಗ ಸಹಿ ಹಾಕು" ಅಂದಳು.

ಹಾಕಿದೆ. ಸಾಬರು ಉರ್ದುವಿನಲ್ಲಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ಅವಳು ಇಂಗ್ಲಿಷಿನಲ್ಲಿ ಹಾಕಿದಳು, ಸೊಟ್ಟಗಿತ್ತು, ಎಷ್ಟು ಚೆನ್ನಾಗಿತ್ತು. ನಾನು ಶಾಯಿ ಆರುವ ತನಕ ಕಾಗದ ಕೊಡಲೇ ಇಲ್ಲ.

ಮೆಷಿನ್ನು ಲಾರಿಯಲ್ಲಿ ಬಂತು. ಪೂಜೆ ಮಾಡಿ ಚಾಲೂ ಮಾಡಿದೆವು. ಎರಡು ದಿನ ಚೆನ್ನಾಗಿ ಓಡಿತು, ಮೂರನೆಯ ದಿನ ಬೆಳಿಗ್ಗೆ ಕರಕರ ಎಂದು ಕಿರುಚಿ ನಿಂತಿತು. ಹೆಂಗಸರು ಗಾಬರಿಯಿಂದ ಹಿಂದೆ ಸರಿದರು. ಸಾಬರು ತಲೆಯ ಮೇಲೆ ಕೈ ಹೊತ್ತರು.

ಮೆಷಿನ್ನು ಕೆಟ್ಟಾಗ ಅಷ್ಟು ಸಂತೋಷಪಟ್ಟವನು ಈ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಕರೆಂಟು ತೆಗೆಸಿದೆ. ಎಲ್ಲರನ್ನೂ ಹತ್ತಿರ ಕರೆದೆ. "ನೋಡ್ಕಳ್ರಲಾ" ಎಂದು ಸ್ಪ್ಯಾನರ್ ಹಿಡಿದು ಒಂದೊಂದೇ ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದೆ. ಒಳಗೆ ಹಲ್ಲುಗಳ ನಡುವೆ ನನ್ನ ಕಿರುಬೆರಳುದ್ದದ ಜಾಲಿಮುಳ್ಳು ಅಡ್ಡಡ್ಡ ಕೂತಿತ್ತು. ಎಳೆದು ಬಿಸಾಡಿ, ಮುಚ್ಚಳ ಮುಚ್ಚಿ, ಮತ್ತೆ ಓಡಿಸಿದೆವು.

ಅವತ್ತೇ ಮಧುಗಿರಿ ಬಸ್ಸಿನ ಕಂಡಕ್ಟರ ಕೈಲಿ ಮೊಮ್ಮಗಳಿಗೆ ಸುದ್ದಿ ಕಳಿಸಿದೆ: ಮೆಷಿನ್ನು ನಿಂತುಹೋಗಿತ್ತು, ನಾನೇ ಮುಚ್ಚಳ ತೆಗೆದೆ, ಬಂದು ನೋಡು. ಅವಳಿಗೆ ಕೋರ್ಟಿತ್ತು. ಕಂಡಕ್ಟರು ಸಂಜೆ ಬಂದು ಅವಳ ಉತ್ತರ ಹೇಳಿದ: "ಅದರಲ್ಲಿ ನೋಡೋಕೆ ಏನೈತೆ ಅಂತ ಕೇಳಿದ್ರು ಮೇಡಂ."